ಟೆನ್ಶನ್ ಕೊಟ್ಟವರು ಯಾರು?

ನನ್ನ ಸೋದರಮಾವ ಗೆಂಡೆಹಳ್ಳಿ ಸೀಮೆಯ ಒಂದು ಕಾಫಿ ತೋಟದಲ್ಲಿ ಇಪ್ಪತ್ತಾರು ವರ್ಷ ರೈಟರ್ ಆಗಿದ್ದರು. ರೈಟರ್ ಎಂದರೇನೆಂದು ಬೇಲೂರಿನ ಮಲೆನಾಡು ಭಾಗದವರಿಗೆ ಹೇಳಬೇಕಿಲ್ಲ. ಹಳೇಬೀಡು, ಅರಸೀಕೆರೆ ಕಡೆಯ ಬಯಲಿನವರಿಗಾಗಿ ಹೇಳುತ್ತೇನೆ. ಬೆಳಿಗ್ಗೆ ಹಾಜರಿ ಹಾಕುವವರು, ಸಂಜೆ ಹಣ್ಣು ತೂಗಿಸುವವರು, ವಾರಕ್ಕೊಮ್ಮೆ ಬಟವಾಡೆ ಮಾಡುವವರು, ಸಾಹುಕಾರರ ಸಿಟ್ಟನ್ನು ಆಳುಗಳಿಗೂ ಆಳುಗಳ ಸಂಕಟವನ್ನು ಸಾಹುಕಾರರಿಗೂ ಮುಟ್ಟಿಸುವವರು. ಕೊಯ್ಲು ಶುರುವಾಯಿತೆಂದರೆ ಮಾವನಿಗೆ ಎದೆಯುರಿಯೂ ಶುರು. ನಿದ್ದೆ ಹತ್ತದು. ರಾತ್ರಿ ಎರಡಕ್ಕೆ ಎದ್ದು ಹಜಾರದಲ್ಲಿ ಓಡಾಡುವರು. ಪೇಟೆಯ ಡಾಕ್ಟರು ಮಾತ್ರೆ ಬರೆದುಕೊಡುವಾಗ ಪ್ರತಿ ಸಲವೂ ಒಂದೇ ಮಾತು ಹೇಳುತ್ತಿದ್ದರು: "ಟೆನ್ಶನ್ ತಗೋಬೇಡಿ ರೈಟ್ರೇ." ಒಮ್ಮೆ ಮನೆಗೆ ಬಂದು ಚಪ್ಪಲಿ ಬಿಡುತ್ತಾ ಮಾವ ಅತ್ತೆಗೆ ಹೇಳಿದ ಮಾತು ಈಗಲೂ ನನ್ನ ಕಿವಿಯಲ್ಲಿದೆ: "ನಾನೆಲ್ಲಿ ತಗಂಡೆ? ಅವ್ರು ಕೊಡ್ತಾರೆ, ನಾನು ಇಸ್ಕಳ್ತೀನಿ. ಬ್ಯಾಡ ಅಂದ್ರೆ ಕೆಲ್ಸ ಹೋಯ್ತದೆ."

ಕೆಲಸದ ಒತ್ತಡದ ಬಗ್ಗೆ ನಾನು ಓದಿದ ಬಹಳಷ್ಟು ಲೇಖನಗಳಿಗಿಂತ ಹೆಚ್ಚು ವಿವೇಕ ಆ ಮೂರು ವಾಕ್ಯಗಳಲ್ಲಿದೆ. ನಮ್ಮ ಮಾತಿನಲ್ಲಿ ಟೆನ್ಶನ್ ಎನ್ನುವುದು "ತಗೊಳ್ಳುವ" ವಸ್ತು. ಇನ್ನೊಂದು ಹೋಳಿಗೆ ಬೇಡವೆಂದು ಎಲೆಗೆ ಕೈ ಅಡ್ಡ ಹಿಡಿಯುವ ಹಾಗೆ ಅದನ್ನೂ ಬೇಡವೆನ್ನಬಹುದು ಎಂಬ ಅರ್ಥ ಆ ಕ್ರಿಯಾಪದದಲ್ಲೇ ಅಡಗಿದೆ. ಕನ್ನಡದ್ದೇ ಆದ "ಒತ್ತಡ" ಪದ ಹೇಳುವುದು ಬೇರೆ. ಒತ್ತು ಎಂದ ಮೇಲೆ ಒತ್ತುವವರೊಬ್ಬರು ಇರಲೇಬೇಕು. ಆದರೂ ನಾವು ಕೊಡುತ್ತಿರುವ ಸಲಹೆಯೆಲ್ಲ ಒತ್ತಿಸಿಕೊಂಡವರಿಗೆ. ಆಳವಾಗಿ ಉಸಿರೆಳೆದುಕೊಳ್ಳಿ, ಬೆಳಿಗ್ಗೆ ನಡೆಯಿರಿ, ಸಕಾರಾತ್ಮಕವಾಗಿ ಯೋಚಿಸಿ, ಸಮಯ ಹೊಂದಿಸಿಕೊಳ್ಳಿ, ಎಲ್ಲವೂ ನಿಮ್ಮ ಮನಸ್ಸಿನಲ್ಲಿದೆ. ಪತ್ರಿಕೆಯ ಆರೋಗ್ಯ ಪುರವಣಿಯಿಂದ ಹಿಡಿದು ಪ್ರವಚನದ ವೇದಿಕೆಯವರೆಗೆ, ಕಂಪನಿಯ ಮಾನವ ಸಂಪನ್ಮೂಲ ವಿಭಾಗದಿಂದ ಹಿಡಿದು ಮನೆಯ ಹಿರಿಯರವರೆಗೆ ಎಲ್ಲರೂ ಇದನ್ನೇ ಹೇಳುತ್ತಾರೆ. ಎಲ್ಲರೂ ಹೇಳುವುದರಿಂದ ಇದು ನಿಜವಿರಬೇಕು ಎಂದು ನಂಬಿಬಿಟ್ಟಿದ್ದೇವೆ. ಇದು ತಪ್ಪು ಎಂಬುದು ನನ್ನ ವಾದ. ಕೆಲಸದ ಒತ್ತಡ ಮುಖ್ಯವಾಗಿ ಕೆಲಸದ ಏರ್ಪಾಡಿನಲ್ಲಿದೆ; ಅದನ್ನು ದುಡಿಯುವವರ ಎದೆಯೊಳಗೆ ಹುಡುಕುವುದೆಂದರೆ ಸೋರುವ ಹೆಂಚು ಬಿಟ್ಟು ನೆಲ ಒರೆಸುತ್ತಾ ಕೂತ ಹಾಗೆ.

ನಾನು ಕೆಲಸ ಮಾಡಿದ ಒಂದು ಕಚೇರಿಯಲ್ಲಿ ವರ್ಷದ ಲೆಕ್ಕ ಮುಗಿಸುವ ಮಾರ್ಚ್ ತಿಂಗಳಲ್ಲೇ ಒತ್ತಡ ನಿರ್ವಹಣೆಯ ಶಿಬಿರ ಇಟ್ಟಿದ್ದರು. ಎರಡು ಗಂಟೆ ಕಣ್ಣು ಮುಚ್ಚಿ ಕೂತೆವು. ಮಾರ್ಗದರ್ಶಕರು ಒಳ್ಳೆಯವರೇ, ದನಿ ಮೆದುವಾಗಿತ್ತು. ಆ ಎರಡು ಗಂಟೆಯ ಕೆಲಸವನ್ನು ರಾತ್ರಿ ಹತ್ತರವರೆಗೆ ಕೂತು ಮುಗಿಸಿದೆವು. ಏಳು ಜನ ಮಾಡಬೇಕಾದ ಕೆಲಸಕ್ಕೆ ಅಲ್ಲಿ ನಾಲ್ವರಿದ್ದೆವು. ಖಾಲಿ ಉಳಿದ ಮೂರು ಕುರ್ಚಿಗಳ ಬಗ್ಗೆ ಶಿಬಿರದಲ್ಲಿ ಯಾರೂ ತುಟಿ ಬಿಚ್ಚಲಿಲ್ಲ. ಅದರ ನಂತರವೂ ನಿದ್ದೆ ಬಾರದವರಿಗೆ ಹೊಸದೊಂದು ಅಳುಕು ಹುಟ್ಟಿಕೊಂಡಿತು. ಶಿಬಿರ ಮಾಡಿಸಿಯೂ ಇವನಿಗೆ ಸುಧಾರಿಸಿಕೊಳ್ಳಲು ಆಗಲಿಲ್ಲವೆಂದರೆ ದೋಷ ಇವನದ್ದೇ ಎಂದುಕೊಳ್ಳುತ್ತಾರೇನೋ ಎಂಬ ಅಳುಕು. ಈ ಸಲಹೆಗಳ ಬಗ್ಗೆ ನನಗಿರುವ ದೊಡ್ಡ ಸಿಟ್ಟು ಇದೇ. ಭಾರ ಇಳಿಸದೆ ಹೋದರೆ ಹೋಗಲಿ, ಭಾರದ ಮೇಲೆ ತಪ್ಪಿತಸ್ಥ ಭಾವವನ್ನೂ ಹೇರುತ್ತವೆ.

ಇದು ನನ್ನೊಬ್ಬನ ಅನುಭವವಲ್ಲ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ವಿಲಿಯಂ ಫ್ಲೆಮಿಂಗ್ 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬ್ರಿಟನ್ನಿನ 233 ಸಂಸ್ಥೆಗಳ 46,336 ನೌಕರರ ಉತ್ತರಗಳಿದ್ದವು. ಧ್ಯಾನದ ಆ್ಯಪ್, ಒತ್ತಡ ನಿಭಾಯಿಸುವ ತರಬೇತಿ, ನಿದ್ದೆಯ ಕಾರ್ಯಕ್ರಮ ಮುಂತಾದವುಗಳಲ್ಲಿ ಪಾಲ್ಗೊಂಡವರು ಪಾಲ್ಗೊಳ್ಳದವರಿಗಿಂತ ನೆಮ್ಮದಿಯಾಗಿದ್ದರು ಎನ್ನುವುದಕ್ಕೆ ಅಲ್ಲಿ ಆಧಾರ ಸಿಗಲಿಲ್ಲ. ಅದಕ್ಕೂ ಬಹಳ ಮೊದಲೇ, 1967ರಲ್ಲಿ, ಲಂಡನ್ನಿನ ಸರ್ಕಾರಿ ನೌಕರರ ಮೇಲೆ ವೈಟ್‌ಹಾಲ್ ಅಧ್ಯಯನ ಶುರುವಾಗಿತ್ತು. ದೊಡ್ಡ ಕುರ್ಚಿಗೆ ದೊಡ್ಡ ಒತ್ತಡ, ಜವಾನನಿಗೆ ಏನು ಚಿಂತೆ ಎಂಬ ಮಾತು ನಮ್ಮಲ್ಲಿರುವಂತೆ ಅಲ್ಲೂ ಇತ್ತು. ಲೆಕ್ಕ ತಿರುಗುಮುರುಗಾಗಿ ಬಂತು. ಹೃದಯರೋಗದಿಂದ ಸಾಯುವ ಪ್ರಮಾಣ ಮೇಲಧಿಕಾರಿಗಳಿಗಿಂತ ಕೆಳದರ್ಜೆಯ ನೌಕರರಲ್ಲಿ ಸುಮಾರು ಮೂರು ಪಟ್ಟಿತ್ತು. ಬೀಡಿ ಸಿಗರೇಟು, ರಕ್ತದೊತ್ತಡ, ಕೊಬ್ಬು ಎಲ್ಲವನ್ನೂ ಲೆಕ್ಕಕ್ಕೆ ಹಿಡಿದರೂ ಆ ಅಂತರ ಪೂರ್ತಿ ಮುಚ್ಚಲಿಲ್ಲ. 1985ರಲ್ಲಿ ಆರಂಭವಾದ ಎರಡನೆಯ ವೈಟ್‌ಹಾಲ್ ಅಧ್ಯಯನದಲ್ಲಿ ಮೈಕೆಲ್ ಮಾರ್ಮಟ್ ಮತ್ತು ಸಂಗಡಿಗರು ಕಂಡುಕೊಂಡ ಮುಖ್ಯ ಕಾರಣಗಳಲ್ಲೊಂದು, ತನ್ನ ಕೆಲಸದ ಮೇಲೆ ತನಗೇ ಹಿಡಿತವಿಲ್ಲದಿರುವುದು. ಏನು ಮಾಡಬೇಕು, ಯಾವಾಗ, ಹೇಗೆ ಎಂಬುದನ್ನು ಬೇರೆಯವರು ತೀರ್ಮಾನಿಸಿ, ಆಗದಿದ್ದರೆ ಹೊಣೆ ಮಾತ್ರ ತನ್ನ ತಲೆಗೆ ಬರುವ ಸ್ಥಿತಿ. ಮಾವನ "ಇಸ್ಕಳ್ತೀನಿ" ಎಂಬ ಕ್ರಿಯಾಪದ ಅದೇ.

ಇನ್ನೊಂದು ನಂಬಿಕೆಯನ್ನೂ ಇಲ್ಲೇ ಎದುರಿಸಬೇಕು. ಒತ್ತಡ ನಗರದ ರೋಗ, ಹಳ್ಳಿಯಲ್ಲಿ ನೆಮ್ಮದಿ ಎಂಬುದು. ಶನಿವಾರ ಭಾನುವಾರ ಬೆಂಗಳೂರಿನ ಕಾರುಗಳು ಬೇಲೂರು, ಸಕಲೇಶಪುರ, ಮೂಡಿಗೆರೆಯ ಹೋಂಸ್ಟೇಗಳಿಗೆ ಬರುವುದು ಈ ನಂಬಿಕೆಯ ಮೇಲೆ. ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಬೆಳಗಿನ ಮಂಜು, ಹಿತ್ತಾಳೆ ಲೋಟದಲ್ಲಿ ಕಾಫಿ. ಮನಸ್ಸು ಹಗುರಾಗುವುದು ಸುಳ್ಳಲ್ಲ. ಬಂದವರು ಬರಲಿ, ದಣಿವು ಆರಿಸಿಕೊಳ್ಳಲಿ. ಆದರೆ ಅದೇ ಮಂಜಿನಲ್ಲಿ ಎಂಟು ಗಂಟೆಗೆ ಹಾಜರಿ ಕೊಡಲು ಓಡುತ್ತಿರುವ ಹೆಂಗಸಿಗೆ ಆ ತೋಟ ಒತ್ತಡ ಕಳೆಯುವ ಜಾಗವಲ್ಲ. ಅವಳ ಬಾಯಲ್ಲಿ ಒತ್ತಡ ಎಂಬ ಪದವೂ ಬರದು. "ತಲೆಬಿಸಿ" ಅನ್ನುತ್ತಾಳೆ, "ಎದೆ ಡವಡವ ಅಂತದೆ" ಅನ್ನುತ್ತಾಳೆ, "ಮೈಯೆಲ್ಲ ನೋವು" ಎಂದು ಸೂಜಿ ಹಾಕಿಸಿಕೊಂಡು ಬರುತ್ತಾಳೆ. ಹೆಸರಿಡದ ಮಾತ್ರಕ್ಕೆ ಇಲ್ಲವೆಂದಲ್ಲ.

ಕಾಫಿ ತೋಟದಲ್ಲಿ ಒತ್ತಡ ಹರಿದು ಬರುವ ದಾರಿಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ರೊಬಸ್ಟಾ ಬೆಲೆ ಲಂಡನ್ ಪೇಟೆಯಲ್ಲಿ, ಅರೇಬಿಕಾ ಬೆಲೆ ನ್ಯೂಯಾರ್ಕಿನಲ್ಲಿ ತೀರ್ಮಾನವಾಗುತ್ತದೆ. ಮಾರ್ಚ್ ಏಪ್ರಿಲ್‌ನಲ್ಲಿ ಹೂಮಳೆ ಬೀಳಬೇಕು, ಬಿದ್ದ ಕೆಲವು ವಾರಕ್ಕೆ ಇನ್ನೊಂದು ಮಳೆ ಬರಬೇಕು. ಬಾರದಿದ್ದರೆ ಕಾಯಿ ಕಚ್ಚುವುದಿಲ್ಲ. ಕೊಯ್ಲಿನ ನಡುವೆ ಬಾರದಿರಲಿ ಎಂದರೆ ಅಕಾಲ ಮಳೆ ಬಂದು ಹಣ್ಣು ಒಡೆದು ನೆಲಕ್ಕುದುರುತ್ತದೆ, ಕಣದಲ್ಲಿ ಹರಡಿದ್ದು ಬೂಷ್ಟು ಹಿಡಿಯುತ್ತದೆ. ಅರೇಬಿಕಾ ಗಿಡದೊಳಗೆ ಬಿಳಿ ಕಾಂಡಕೊರಕ ಕೂತಿರುತ್ತದೆ. ಇವು ಯಾವುವೂ ಬೆಳೆಗಾರನ ಕೈಯಲ್ಲಿಲ್ಲ. ದೇಶದ ಕಾಫಿ ಹಿಡುವಳಿಗಳಲ್ಲಿ ಬಹುಪಾಲು 10 ಹೆಕ್ಟೇರಿಗಿಂತ ಚಿಕ್ಕವು, ಬೆಳೆಗಾರನೂ ಬ್ಯಾಂಕಿನ ಸಾಲದಲ್ಲಿರುವವನೇ. ಅವನ ಆತಂಕ ರೈಟರ್ ಮೇಲೆ ಇಳಿಯುತ್ತದೆ: ಈ ಪಟ್ಟೆ ಇವತ್ತೇ ಯಾಕೆ ಮುಗಿಯಲಿಲ್ಲ? ರೈಟರ್ ಅದನ್ನು ಮೇಸ್ತ್ರಿಗೆ ದಾಟಿಸುತ್ತಾನೆ, ಮೇಸ್ತ್ರಿ ಸಾಲು ಹಿಡಿದು ಕೊಯ್ಯುವ ಹೆಂಗಸರಿಗೆ. ಅಲ್ಲಿಂದ ಮುಂದೆ ದಾಟಿಸಲು ಯಾರೂ ಇಲ್ಲ, ಮನೆಯ ಮಕ್ಕಳ ಹೊರತು. ಮೇಲಿನಿಂದ ಕೆಳಕ್ಕೆ ಬರುತ್ತಾ ಭಾರ ಕಡಿಮೆಯಾಗುವುದಿಲ್ಲ. ಅದನ್ನು ನಿಭಾಯಿಸಲು ಬೇಕಾದ ಅಧಿಕಾರ ಮಾತ್ರ ಮೆಟ್ಟಿಲು ಮೆಟ್ಟಿಲಿಗೂ ಕರಗುತ್ತದೆ. ಕೆಜಿ ಲೆಕ್ಕದಲ್ಲಿ ಕೊಯ್ಯಲು ಅಸ್ಸಾಮಿನಿಂದ ಬಂದು ಲೈನ್ ಮನೆಯಲ್ಲಿರುವ ಹುಡುಗನಿಗೆ ಮೈ ಸರಿಯಿಲ್ಲದ ದಿನ ಬರಿಗೈ. ಇವನಿಗೆ ಯಾವ ಉಸಿರಾಟದ ಪಾಠ ಹೇಳುತ್ತೀರಿ?

ಇದೇ ತೋಟಗಳಲ್ಲಿ ಆನೆಯೂ ಇದೆ. ಬಿಕ್ಕೋಡು, ಅರೇಹಳ್ಳಿ ಸುತ್ತಮುತ್ತ, ಆಲೂರು ಸಕಲೇಶಪುರದ ಉದ್ದಕ್ಕೂ, ತೋಟಕ್ಕೆ ಹೋದವರು ಆನೆ ತುಳಿತಕ್ಕೆ ಸಿಕ್ಕಿ ಸತ್ತ ಸುದ್ದಿ ಹೊಸದಲ್ಲ. ಗಿಡದ ಮರೆಯಲ್ಲಿ ಎಲ್ಲಿದೆಯೋ ಗೊತ್ತಿಲ್ಲದ ಪ್ರಾಣಿಯ ಭಯ ಹೊತ್ತುಕೊಂಡು ದಿನವಿಡೀ ಬಗ್ಗಿ ಕೊಯ್ಯುವುದಕ್ಕಿಂತ ದೊಡ್ಡ ಕೆಲಸದ ಒತ್ತಡ ನನಗೆ ಗೊತ್ತಿಲ್ಲ. ಈ ಭಯಕ್ಕೆ ಯಾರೂ ಧ್ಯಾನ ಹೇಳಲಿಲ್ಲ ಎಂಬುದನ್ನು ಗಮನಿಸಬೇಕು. ತಮಿಳುನಾಡಿನ ವಾಲ್ಪಾರೈ ಚಹಾ ತೋಟಗಳಲ್ಲಿ ನೇಚರ್ ಕನ್ಸರ್ವೇಶನ್ ಫೌಂಡೇಶನ್ ರೂಪಿಸಿದ ಮುನ್ಸೂಚನೆಯ ವ್ಯವಸ್ಥೆ ಹಾಸನ ಜಿಲ್ಲೆಗೂ ಬಂತು. ಹಿಂಡು ಎಲ್ಲಿದೆ ಎಂದು ಮೊಬೈಲಿಗೆ ಸಂದೇಶ, ದಾರಿಯಲ್ಲಿ ಕೆಂಪು ದೀಪ, ಸೂಚನಾ ಫಲಕ. ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯವರು ಹಿಂಡಿನ ಬೆನ್ನು ಬಿದ್ದು ಸುದ್ದಿ ಕೊಡುತ್ತಾರೆ. ಆನೆ ಇದ್ದೇ ಇದೆ, ಸಾವು ಪೂರ್ತಿ ನಿಂತಿಲ್ಲ. ಆದರೂ ಎಲ್ಲಿದೆ ಎಂದು ತಿಳಿದರೆ ಇವತ್ತು ಈ ಪಟ್ಟೆ ಬೇಡ, ಆ ಪಟ್ಟೆಗೆ ಹೋಗೋಣ ಎಂದು ತೀರ್ಮಾನಿಸಬಹುದು. ತಿಳಿವಳಿಕೆ ಮತ್ತು ತೀರ್ಮಾನ, ಈ ಎರಡು ಕೈಗೆ ಬಂದಾಗ ಎದೆಬಡಿತ ತಾನಾಗಿ ಇಳಿಯುತ್ತದೆ. ಆನೆಯ ವಿಷಯದಲ್ಲಿ ಇಷ್ಟು ಸರಳವಾಗಿ ಒಪ್ಪಿಕೊಂಡದ್ದನ್ನು ಕಚೇರಿಯ ವಿಷಯದಲ್ಲಿ ಒಪ್ಪಲು ನಾವು ಯಾಕೆ ಹಿಂಜರಿಯುತ್ತೇವೆ?

ಹಿಂಜರಿಯದವರೂ ನಮ್ಮ ನಾಡಿನಲ್ಲೇ ಇದ್ದಾರೆ. ಹಳ್ಳಿಯವರು ಇಂದಿಗೂ ಶಾನುಭೋಗರು ಎಂದೋ ಸೆಕ್ರೆಟರಿ ಎಂದೋ ಕರೆಯುವ ಗ್ರಾಮ ಆಡಳಿತಾಧಿಕಾರಿಗಳು 2024ರ ಸೆಪ್ಟೆಂಬರ್ ಕೊನೆಯಲ್ಲಿ ರಾಜ್ಯದಾದ್ಯಂತ ಕೆಲಸ ನಿಲ್ಲಿಸಿ ತಾಲ್ಲೂಕು ಕಚೇರಿಗಳ ಮುಂದೆ ಕೂತರು. 2025ರ ಫೆಬ್ರವರಿಯಲ್ಲಿ ಮತ್ತೆ ಕೂತರು. ಅವರ ದೂರು ಕೆಲಸದ ಒತ್ತಡವೇ. ಪಹಣಿಗೆ ಆಧಾರ್ ಜೋಡಣೆ, ಬೆಳೆ ಸಮೀಕ್ಷೆ, ಪೌತಿ ಖಾತೆ, ಬಗರ್‌ಹುಕುಂ ಹೀಗೆ ಹದಿನೈದಕ್ಕೂ ಹೆಚ್ಚು ತಂತ್ರಾಂಶಗಳನ್ನು ಒಬ್ಬರೇ ನಿರ್ವಹಿಸಬೇಕಿತ್ತು. ಅದಕ್ಕೆ ಮೊಬೈಲ್, ಲ್ಯಾಪ್‌ಟಾಪ್, ಇಂಟರ್ನೆಟ್ ಕೊಟ್ಟಿರಲಿಲ್ಲ. ಗುರಿ ಮಾತ್ರ ದಿನಂಪ್ರತಿ ಬರುತ್ತಿತ್ತು; ಭಾನುವಾರವೂ ಹಬ್ಬದ ದಿನವೂ ಬಿಡುವಿರಲಿಲ್ಲ. ಮಲೆನಾಡಿನ ಹಳ್ಳಿಯಲ್ಲಿ ನೆಟ್‌ವರ್ಕ್ ಸಿಗುವ ಗುಡ್ಡ ಹುಡುಕಿ ಹತ್ತಿದವರಿಗೆ ಈ ದೂರಿನ ತೂಕ ಗೊತ್ತಾಗುತ್ತದೆ. ಅವರು ಕೇಳಿದ್ದು ಆಪ್ತಸಮಾಲೋಚಕರನ್ನಲ್ಲ. ಕೂರಲು ಕಚೇರಿ, ಬಳಸಲು ಸಾಧನ, ರಜಾದಿನದ ರಜೆ, ಬಡ್ತಿಯ ದಾರಿ, ವರ್ಗಾವಣೆಯ ನಿಯಮ. ಒತ್ತಡ ಎಲ್ಲಿಂದ ಬರುತ್ತಿದೆ ಎಂಬುದರ ಪಟ್ಟಿಯನ್ನೇ ಸರ್ಕಾರದ ಮುಂದಿಟ್ಟರು. ಅವರು ಮುಷ್ಕರ ಕೂತಾಗ ಪಹಣಿ ತಿದ್ದುಪಡಿಗೆ ಅಲೆದ ರೈತರಿಗೆ ತೊಂದರೆಯಾಯಿತು ನಿಜ, ಅದನ್ನು ನಾನು ಮರೆಮಾಚುವುದಿಲ್ಲ. ಆದರೆ ಕೆಲಸದ ಒತ್ತಡದ ಬಗ್ಗೆ ಇತ್ತೀಚೆಗೆ ಕನ್ನಡದಲ್ಲಿ ಬಂದ ಅತ್ಯಂತ ಸ್ಪಷ್ಟ ಬರಹ ಯಾವುದೆಂದು ಕೇಳಿದರೆ ಆ ಬೇಡಿಕೆಗಳ ಪತ್ರವನ್ನೇ ತೋರಿಸುತ್ತೇನೆ.

ಆಶಾ ಕಾರ್ಯಕರ್ತೆಯರದ್ದೂ ಅದೇ ದಾರಿ. 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಕೂತು, ತಿಂಗಳಿಗೆ ಕನಿಷ್ಠ 10,000 ರೂಪಾಯಿ ಗೌರವಧನದ ಭರವಸೆ ಪಡೆದು ಎದ್ದರು. ಭರವಸೆಯ ಬೆನ್ನು ಹತ್ತಿ ಮತ್ತೆ ಬೀದಿಗಿಳಿಯಬೇಕಾಯಿತು. ಮಾಡಿದ ಕೆಲಸ ಪೋರ್ಟಲ್‌ನಲ್ಲಿ ಕಾಣಿಸದಿದ್ದರೆ ಮಾಡಿಲ್ಲವೆಂದೇ ಲೆಕ್ಕ ಎಂಬುದು ಅವರ ಬಹುಕಾಲದ ನೋವು. ಜರ್ಮನಿಯ ಯೋಹಾನೆಸ್ ಸೀಗ್ರಿಸ್ಟ್ 1996ರಲ್ಲಿ ಮಂಡಿಸಿದ ಸಿದ್ಧಾಂತ ಇದನ್ನೇ ಹೇಳುತ್ತದೆ: ಹಾಕಿದ ಶ್ರಮಕ್ಕೂ ಸಿಕ್ಕ ಹಣ, ಮನ್ನಣೆ, ಭದ್ರತೆಗೂ ನಡುವೆ ಕಂದಕ ಬಿದ್ದಾಗ ಮೈ ಮುರಿಯುತ್ತದೆ. ಮನ್ನಣೆ ಸಿಕ್ಕವರೂ ಇದ್ದಾರೆ: ಬೇಲೂರಿನ ಗುಡಿಯ ಶಿಲ್ಪಗಳ ಕೆಳಗೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಕೊರೆದು ಹೋಗಿದ್ದಾರೆ. ಒಂಬೈನೂರು ವರ್ಷದ ಮೇಲೂ ಆ ಅಕ್ಷರಗಳ ಮುಂದೆ ನಿಂತಾಗ ನನಗೆ ಕಲ್ಲು ಎಳೆದು ತಂದವರ ನೆನಪಾಗುತ್ತದೆ. ಅವರ ಹೆಸರು ಯಾವ ಪೋರ್ಟಲ್‌ಗೂ ಏರಲಿಲ್ಲ.

ಹಾಸನ ಜಿಲ್ಲೆಯವನಾಗಿ 2025ರ ಆ ಮೇ, ಜೂನ್ ತಿಂಗಳುಗಳನ್ನು ಮರೆಯಲಾರೆ. ದಿನ ಬೆಳಗಾದರೆ ಹೃದಯಾಘಾತದ ಸುದ್ದಿ. ಜನ ಹೆದರಿ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಸಾಲುಗಟ್ಟಿದರು. ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸಮಿತಿ ಮಾಡಿತು. 24 ಸಾವುಗಳನ್ನು ಪರಿಶೀಲಿಸಿದ ಸಮಿತಿ 20 ಹೃದಯ ಸಂಬಂಧಿ ಎಂದಿತು. ಜಿಲ್ಲೆಯಲ್ಲಿ ಅಸಹಜ ಏರಿಕೆ ಇಲ್ಲ, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಧೂಮಪಾನದಂಥ ಗೊತ್ತಿರುವ ಕಾರಣಗಳೇ ಹೆಚ್ಚಿವೆ ಎಂದಿತು. ಆ ಮಾತನ್ನು ಒಪ್ಪುತ್ತೇನೆ. ಆ ಸಾವುಗಳನ್ನೆಲ್ಲ ಕೆಲಸದ ಒತ್ತಡದ ಖಾತೆಗೆ ಬರೆಯುವುದು ಅಪ್ರಾಮಾಣಿಕತೆ. ನನ್ನ ತಕರಾರಿರುವುದು ಆ ದಿನಗಳಲ್ಲಿ ಎಲ್ಲ ಕಡೆ ಕೇಳಿಬಂದ ಉಪದೇಶದ ಬಗ್ಗೆ. ಸತ್ತವರಲ್ಲಿ ಆಟೊ, ಕ್ಯಾಬ್ ಓಡಿಸುವವರಿದ್ದರು. ಗಾಡಿಯ ಕಂತು ಕಟ್ಟಲು ಹದಿನಾಲ್ಕು ಗಂಟೆ ಸ್ಟೇರಿಂಗ್ ಹಿಡಿದು ಕೂರುವವರಿಗೆ ಬೆಳಿಗ್ಗೆ ವಾಕಿಂಗ್ ಮಾಡಿ, ಹೊತ್ತಿಗೆ ಸರಿಯಾಗಿ ಉಣ್ಣಿ, ಟೆನ್ಶನ್ ಬಿಡಿ ಎನ್ನುವುದು ಎಷ್ಟು ಸುಲಭ! ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಒಟ್ಟಾಗಿ ಪ್ರಕಟಿಸಿದ ಅಂದಾಜಿನ ಪ್ರಕಾರ, ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗಿಂತ 55 ಗಂಟೆ ಅಥವಾ ಅದಕ್ಕೂ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಶೇಕಡಾ 35ರಷ್ಟು ಹೆಚ್ಚು, ಹೃದಯರೋಗದಿಂದ ಸಾಯುವ ಅಪಾಯ ಶೇಕಡಾ 17ರಷ್ಟು ಹೆಚ್ಚು. ಉಪ್ಪು ಕಡಿಮೆ ಮಾಡಿ ಎಂದು ಹೇಳುವ ನಾವು ಗಂಟೆ ಕಡಿಮೆ ಮಾಡಿ ಎಂದು ಯಾರಿಗೆ ಹೇಳಿದೆವು?

ಹೇಳುವುದಿರಲಿ, ನಾವು ಹೊರಟಿರುವುದು ಎದುರು ದಿಕ್ಕಿಗೆ. 2023ರ ಅಕ್ಟೋಬರ್‌ನಲ್ಲಿ ಎನ್.ಆರ್. ನಾರಾಯಣಮೂರ್ತಿಯವರು ಯುವಜನ ವಾರಕ್ಕೆ 70 ಗಂಟೆ ದುಡಿಯಬೇಕು ಎಂದರು. 2024ರಲ್ಲಿ ಐಟಿ ಕೆಲಸಗಾರರ ದಿನವನ್ನು 14 ಗಂಟೆಗೆ ಎಳೆಯುವ ಪ್ರಸ್ತಾವ ರಾಜ್ಯ ಸರ್ಕಾರದ ಮೇಜಿಗೆ ಬಂತು. 2025ರ ಜೂನ್‌ನಲ್ಲಿ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ 9 ಗಂಟೆಯ ಮಿತಿಯನ್ನು 10ಕ್ಕೂ, ಹೆಚ್ಚುವರಿ ದುಡಿಮೆ ಸೇರಿ 12ಕ್ಕೂ ಏರಿಸುವ ಚರ್ಚೆ ನಡೆಯಿತು. ಐಟಿ ನೌಕರರ ಸಂಘ ಎರಡು ಸಲವೂ ಎದುರು ನಿಂತಿತು. ಇಂಥ ಚರ್ಚೆ ಬಂದಾಗಲೆಲ್ಲ ನಮ್ಮಲ್ಲಿ ಒಬ್ಬರಲ್ಲ ಒಬ್ಬರು ಶರಣರ ಕಾಯಕತತ್ವವನ್ನು ಎತ್ತಿ ಹಿಡಿಯುತ್ತಾರೆ, ದುಡಿಮೆಗೆ ಮಿತಿ ಕೇಳುವುದೇ ಸೋಮಾರಿತನ ಎಂಬಂತೆ. ಇದು ಶರಣರಿಗೆ ಮಾಡುವ ಅನ್ಯಾಯ. ಆಯ್ದಕ್ಕಿ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದ ದಿನ ಲಕ್ಕಮ್ಮ ಗಂಡನನ್ನು ಹೊಗಳಲಿಲ್ಲ. ಈ ಆಸೆ ನಮಗೇಕೆ ಎಂದು ಕೇಳಿ, ಹೆಚ್ಚಿನ ಅಕ್ಕಿಯನ್ನು ತಂದಲ್ಲೇ ಸುರಿದು ಬರಲು ಹೇಳಿದಳು. ಹನ್ನೆರಡನೆಯ ಶತಮಾನದಲ್ಲಿ ಒಬ್ಬ ಬಡ ಹೆಣ್ಣುಮಗಳು ದುಡಿಮೆಗೆ ಎಳೆದ ಗೆರೆ ಅದು. ಕಾಯಕದ ಹೆಸರಿನಲ್ಲಿ 70 ಗಂಟೆ ಕೇಳುವವರು ಮೊದಲು ಲಕ್ಕಮ್ಮನಿಗೆ ಉತ್ತರ ಕೊಡಬೇಕು.

ಧ್ಯಾನ, ಯೋಗ, ಪ್ರಾಣಾಯಾಮ ನಿಷ್ಪ್ರಯೋಜಕ ಎಂದು ನಾನು ಹೇಳುತ್ತಿಲ್ಲ. ಹತ್ತು ವರ್ಷದಿಂದ ಬೆಳಿಗ್ಗೆ ಅರ್ಧ ಗಂಟೆ ಕಣ್ಣು ಮುಚ್ಚಿ ಕೂರುವವನು ನಾನು. ಅದು ನನ್ನ ಸುಖ, ನನ್ನ ಸ್ವಂತದ್ದು. ನಿದ್ದೆ, ಊಟ ಬಿಟ್ಟವರು, ಬದುಕೇ ಬೇಡ ಎನಿಸುತ್ತಿರುವವರು ಒಂದು ದಿನವೂ ತಡ ಮಾಡದೆ ವೈದ್ಯರನ್ನು ಕಾಣಬೇಕು. ಟೆಲಿಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುವವರು ಸಿಗುತ್ತಾರೆ. ಕೆಲಸದ ಏರ್ಪಾಡು ಬದಲಾಗುವ ತನಕ ಜೀವ ಉಳಿಯಬೇಕಲ್ಲ. ನನ್ನ ವಿರೋಧವಿರುವುದು, ಮಾಲೀಕರು ಬದಲಾಯಿಸಬೇಕಾದ್ದನ್ನು ನೌಕರರ ಉಸಿರಿಗೆ ಒಪ್ಪಿಸುವ ಜಾಣತನಕ್ಕೆ. ವಿಶ್ವ ಆರೋಗ್ಯ ಸಂಸ್ಥೆಯ 2022ರ ಮಾರ್ಗಸೂಚಿ ಕೂಡ ಕೆಲಸದ ಹೊರೆ, ವೇಳೆ, ನೌಕರರ ಪಾಲ್ಗೊಳ್ಳುವಿಕೆಯಂಥ ಏರ್ಪಾಡಿನ ಬದಲಾವಣೆಗಳನ್ನು ಕೇಳುತ್ತದೆ, ಮೇಲಧಿಕಾರಿಗಳಿಗೆ ತರಬೇತಿ ಕೊಡಿ ಎನ್ನುತ್ತದೆ. ನಮ್ಮಲ್ಲಿ ತರಬೇತಿ ಯಾವಾಗಲೂ ಕೆಳಗಿನವರಿಗೆ.

ಮಾವನ ಎದೆಯುರಿ ಕಡಿಮೆಯಾದದ್ದು ಮಾತ್ರೆಯಿಂದಲ್ಲ. ಸಂಜೆ ತೂಕದ ಹೊತ್ತೇ ಅವರ ದಿನದ ನರಕವಾಗಿತ್ತು. ಮರದ ಕೊಂಬೆಗೆ ನೇತುಹಾಕಿದ ಸ್ಪ್ರಿಂಗ್ ತಕ್ಕಡಿ. ಮುಳ್ಳು ಕಾಣುತ್ತಿದ್ದುದು ರೈಟರಿಗೆ ಮಾತ್ರ. ಮಬ್ಬುಗತ್ತಲಲ್ಲಿ ಅವರು ಕೂಗಿ ಹೇಳಿದ ಅಂಕಿಯನ್ನು ಹೆಂಗಸರು ನಂಬಬೇಕು, ಪುಸ್ತಕದಲ್ಲಿ ಬರೆದದ್ದನ್ನು ಸಾಹುಕಾರರು ನಂಬಬೇಕು. ಇಬ್ಬರೂ ನಂಬುತ್ತಿರಲಿಲ್ಲ. ಕೊನೆಯ ಕೆಲವು ವರ್ಷಗಳಲ್ಲಿ ತೋಟಕ್ಕೆ ವಿದ್ಯುನ್ಮಾನ ತಕ್ಕಡಿ ಬಂತು. ಅದರ ಪರದೆಯನ್ನು ರೈಟರ್ ಕಡೆಗೇ ತಿರುಗಿಸಿ ಇಟ್ಟಿದ್ದರು. ಒಂದು ಸಂಜೆ ಕೊಯ್ಯುವ ಹೆಂಗಸರಲ್ಲಿ ಹಿರಿಯಳೊಬ್ಬಳು, "ರೈಟ್ರೇ, ಅದ್ನ ಈ ಕಡೀಕ್ ತಿರುಗ್ಸಿ, ನಮ್ಗೂ ಕಾಣ್ಲಿ" ಅಂದಳಂತೆ. ಮಾವ ಸಾಹುಕಾರರನ್ನು ಕೇಳಿದರು, ಅವರು ಒಂದು ವಾರ ಯೋಚಿಸಿ ಒಪ್ಪಿದರು. ಅಂದಿನಿಂದ ಪರದೆ ಎಲ್ಲರಿಗೂ ಕಾಣುವಂತೆ ಕಲ್ಲಿನ ಮೇಲೆ ಕೂತಿತು. ಆ ಸಲದ ಕೊಯ್ಲಿನಲ್ಲಿ ನಾನು ಊರಿಗೆ ಹೋದಾಗ ಹಜಾರದಲ್ಲಿ ಮಲಗಿದ್ದೆ. ಬೆಳಗಿನ ತನಕ ಮಾವನ ಹೆಜ್ಜೆಯ ಸದ್ದು ಕೇಳಲಿಲ್ಲ.